ಗುಣವಿದ್ದರೆ ರೂಪ ಬರುತ್ತದೆ ಎನ್ನುವುದು ನಿಜವೋ, ಬರೀ ಸಮಾಧಾನದ ಮಾತೋ?

ಅಡಿಕೆ ಅಂಗಳ, ಶಿರಸಿ

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿನಿಂದ ತಲೆ ತಿನ್ನುತ್ತಿರುವ ಪ್ರಶ್ನೆಯೊಂದನ್ನು ನಿಮ್ಮೆದುರು ಇಡುತ್ತಿದ್ದೇನೆ. ನನ್ನ ತಮ್ಮನ ಮಗನಿಗೆ ಈಗ 34 ವರ್ಷ. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ಎರಡೆಕರೆ ಬಾಗಾಯತ ನೋಡಿಕೊಂಡು, ಅಪ್ಪ ಅಮ್ಮನ ಜೊತೆ ಊರಲ್ಲೇ ಇದ್ದಾನೆ. ನಮ್ಮ ಕಾಲದಲ್ಲಿ ಹುಡುಗಿಯ ಫೋಟೋ ಕೈಯಿಂದ ಕೈಗೆ ಹೋಗಿ, ಕಂಡವರೆಲ್ಲ ಅದಕ್ಕೆ ಅಂಕ ಹಾಕುತ್ತಿದ್ದರು. ತೋಟದ ಹುಡುಗರಿಗೆ ಹೆಣ್ಣು ಸಿಗದ ಈ ಕಾಲದಲ್ಲಿ ಆ ಪಾಳಿ ಹುಡುಗರಿಗೆ ಬಂದಿದೆ. ಚೌತಿ ಕಳೆದ ಮೇಲೆ ಕಳಿಸಿದ ಹನ್ನೊಂದು ಫೋಟೋಗಳಲ್ಲಿ ಹತ್ತಕ್ಕೆ ಉತ್ತರವೇ ಬರಲಿಲ್ಲ. ಹನ್ನೊಂದನೆಯದಕ್ಕೆ, ಹುಡುಗ ಕಪ್ಪು, ಹಲ್ಲು ಸ್ವಲ್ಪ ಮುಂದೆ ಎಂಬ ಮಾತು ಮಧ್ಯಸ್ಥರ ಬಾಯಿಂದ ಬಂತು. ಕೊನೆಗೆ ಯಾರದೋ ಸಲಹೆಯಂತೆ ಸ್ಟುಡಿಯೋದಲ್ಲಿ ಮುಖ ಬೆಳ್ಳಗೆ ಮಾಡಿಸಿ, ಹಲ್ಲು ಸರಿಪಡಿಸಿದ ಇನ್ನೊಂದು ಫೋಟೋ ಸಿದ್ಧವಾಯಿತು.

ಅದನ್ನು ನೋಡಿದ ಅವನ ತಾಯಿ, "ಇದೆಲ್ಲ ಎಂತಕ್ಕೆ, ಗುಣ ಇದ್ರೆ ರೂಪ ತನ್ನಿಂದ ತಾನೇ ಬತ್ತು" ಎಂದಳು. ಅವನು ಊಟದ ಬಾಳೆಯಿಂದ ತಲೆ ಎತ್ತದೆಯೇ, "ಹಂಗಾರೆ ಫೋಟೋ ಎಂತಕ್ಕೆ ಕೇಳ್ತ ಆಯಿ?" ಎಂದ. ಅವಳ ಹತ್ತಿರ ಉತ್ತರವಿರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಎರಡು ವರ್ಷದ ಹಿಂದೆ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡಾಗ, ಈ ಹುಡುಗ ಒಂಬತ್ತು ರಾತ್ರಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದ. ಈ ಸಲದ ಅಡಿಕೆ ಸುಲಿತದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರಲ್ಲಿ ಒಬ್ಬಳು, "ಸಣ್ಣ ಹೆಗಡೇರಷ್ಟು ಚಂದದ ಮೋರೆ ಈ ಸೀಮೆಲೇ ಇಲ್ಲ" ಎಂದಳು. ಉಳಿದವರು ನಗಲಿಲ್ಲ, ಹೌದೆಂದರು. ಕೂಲಿ ಕೊಡುವ ಮನೆಯವನೆಂದು ಹೊಗಳಿದರು ಎನ್ನೋಣವೆಂದರೆ ಅವನು ಅಲ್ಲಿರಲಿಲ್ಲ, ನಾನು ಕದದ ಹಿಂದೆ ಇದ್ದೇನೆಂಬುದು ಅವರಿಗೆ ಗೊತ್ತೂ ಇರಲಿಲ್ಲ. ಒಂದೇ ಮುಖವನ್ನು ಹನ್ನೊಂದು ಮನೆಯವರು ಒಂದು ರೀತಿ ಕಂಡರು, ಹತ್ತು ವರ್ಷದಿಂದ ನೋಡುತ್ತಿರುವ ಇವರು ಇನ್ನೊಂದು ರೀತಿ ಕಂಡರು. ಯಾರ ಕಣ್ಣು ಸರಿ?

ಕಾಳಿ ಸಂಗಮ, ಕಾರವಾರ

ಅಕ್ಕಾ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಾದರೂ ನನ್ನ ಹತ್ತಿರ ಇದೆ, ಏಕೆಂದರೆ ಮನಃಶಾಸ್ತ್ರ ಕಲಿಸಿಯೇ ನಾನು ನಿವೃತ್ತನಾದವನು. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲು ಅವುಗಳನ್ನು ಬಿಡಿಸಬೇಕು.

ಮೊದಲನೆಯದು, ರೂಪ ನೋಡಿ ಗುಣ ಊಹಿಸುವುದು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಒಂದು ವಿಷಯವನ್ನು ತೋರಿಸಿದ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಇವುಗಳಿಗೆ ಬೇರೆ ಬೇರೆಯಾಗಿ ಅಂಕ ಕೊಡಬೇಕಿತ್ತು. ಆದರೆ ಒಂದರಲ್ಲಿ ಚೆನ್ನಾಗಿ ಕಂಡವನಿಗೆ ಉಳಿದೆಲ್ಲದರಲ್ಲೂ ಅಂಕ ತಾನಾಗಿ ಏರುತ್ತಿತ್ತು. ದೇವರ ಮೂರ್ತಿಯ ಹಿಂದಿನ ಪ್ರಭಾವಳಿ ಇಡೀ ಮೂರ್ತಿಗೆ ಹೊಳಪು ಕೊಡುವಂತೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. 1972ರಲ್ಲಿ ಡಯನ್, ಬರ್ಷೀಡ್, ವಾಲ್ಸ್ಟರ್ ಎಂಬ ಮೂವರು ಸಂಶೋಧಕಿಯರು ಬರೀ ಫೋಟೋಗಳನ್ನು ತೋರಿಸಿ ಅಭಿಪ್ರಾಯ ಕೇಳಿದಾಗ, ಜನ ಸುಂದರ ಮುಖದವರನ್ನೇ ಒಳ್ಳೆಯ ಸ್ವಭಾವದವರು, ಮುಂದೆ ಸುಖವಾಗಿ ಬಾಳುವವರು ಎಂದು ಆರಿಸಿದರು. ನಿಮ್ಮ ಹನ್ನೊಂದು ಮನೆಗಳಲ್ಲಿ ನಡೆದದ್ದು ಇದೇ. ಅವರ ಕೈಯಲ್ಲಿ ಇದ್ದದ್ದು ಫೋಟೋ ಮಾತ್ರ. ಅದರಿಂದಲೇ ಇಡೀ ಮನುಷ್ಯನನ್ನು ಕಟ್ಟಿಕೊಂಡರು. ಮುಖ ನೋಡಿ ಮಣೆ ಹಾಕುವುದು ನಮಗೇನು ಹೊಸದಲ್ಲವಲ್ಲ.

ಎರಡನೆಯದು ಇದರ ತಿರುವು, ಗುಣ ತಿಳಿದ ಮೇಲೆ ರೂಪವೇ ಬೇರೆಯಾಗಿ ಕಾಣುವುದು. ಕೆವಿನ್ ನಿಫಿನ್ ಮತ್ತು ಡೇವಿಡ್ ಸ್ಲೋನ್ ವಿಲ್ಸನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರಿಗೆ ಅವರದೇ ಹಳೆಯ ಸಹಪಾಠಿಗಳ ಫೋಟೋಗಳನ್ನು ಕೊಟ್ಟು ರೂಪಕ್ಕೂ, ಅವರ ಮೇಲಿನ ಪ್ರೀತಿ ಗೌರವಗಳಿಗೂ ಬೇರೆ ಬೇರೆಯಾಗಿ ಅಂಕ ಹಾಕಲು ಹೇಳಿದರು. ಅದೇ ಫೋಟೋಗಳಿಗೆ, ಅವರನ್ನು ಎಂದೂ ಕಾಣದ ಅಪರಿಚಿತರೂ ಅಂಕ ಹಾಕಿದರು. ರೂಪಕ್ಕೆ ಗೊತ್ತಿದ್ದವರು ಕೊಟ್ಟ ಅಂಕ ಅವರಿಗಿದ್ದ ಪ್ರೀತಿ ಗೌರವಗಳ ಜೊತೆ ಏರಿಳಿಯಿತು, ಅಪರಿಚಿತರ ಅಂಕಕ್ಕೆ ಆ ಹಂಗಿರಲಿಲ್ಲ. ಅದೇ ಅಧ್ಯಯನದ ಇನ್ನೊಂದು ಭಾಗ ನನಗೆ ಹೆಚ್ಚು ಇಷ್ಟ. ಆರು ವಾರದ ಪುರಾತತ್ವ ಶಿಬಿರಕ್ಕೆ ಬಂದವರು ಮೊದಲ ದಿನವೂ ಕೊನೆಯಲ್ಲೂ ಪರಸ್ಪರ ಅಂಕ ಕೊಟ್ಟರು, ಮತ್ತು ಮಣ್ಣು ಅಗೆಯುವಾಗ ಯಾರು ಮೈ ಬಗ್ಗಿಸಿ ದುಡಿದರು, ಯಾರು ಉಳಿದವರಿಗೆ ಹಿಡಿಸಿದರು ಎಂಬುದು ರೂಪಕ್ಕೆ ಕೊಟ್ಟ ಕೊನೆಯ ಅಂಕದಲ್ಲಿ ಇಳಿದಿತ್ತು. ಆ ಅಂಕ ಕೇಳಿದ್ದು ರೂಪಕ್ಕೆ ಎಂಬುದನ್ನು ಮರೆಯಬೇಡಿ. ಹಾಗಾಗಿ ನಿಮ್ಮ ಸುಲಿತದ ಹೆಂಗಸರು ಮರ್ಯಾದೆಗೆಂದು ಹಾಗೆ ಹೇಳಲಿಲ್ಲ, ಅವರಿಗೆ ಅವನು ನಿಜವಾಗಿಯೂ ಹಾಗೆಯೇ ಕಾಣುತ್ತಾನೆ.

ಇದಕ್ಕೆ ಮುಖದ ಸ್ನಾಯುಗಳ ಸಾಕ್ಷಿಯೂ ಇದೆ. ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲೇ ಗುರುತಿಸಿದಂತೆ, ತುಟಿಯ ತುದಿಯನ್ನು ಮೇಲೆತ್ತುವ ಕೆನ್ನೆಯ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ, ಆದರೆ ಕಣ್ಣಿನ ಸುತ್ತಲಿನ ಸ್ನಾಯು ಮನಸ್ಸು ನಿಜವಾಗಿ ಅರಳಿದಾಗ ಮಾತ್ರ ಓಗೊಡುತ್ತದೆ. ಹಾಗೆ ನಕ್ಕು ನಕ್ಕು ಕಣ್ಣಿನ ಅಂಚಿನಲ್ಲಿ ಗೆರೆ ಬಿದ್ದ ಮುದುಕಿಯರ ಮುಖವನ್ನು ಕಾರವಾರದ ಮೀನು ಪೇಟೆಯಲ್ಲಿ ದಿನವೂ ನೋಡುತ್ತೇನೆ. ಒಳ್ಳೆಯತನ ಮುಖದ ಮೇಲೆ ಬರೆದಿರುತ್ತದೆ ಎಂದರೆ ತಪ್ಪಾಗಲಾರದು.

ಚೌಕಿಮನೆ, ಹೊನ್ನಾವರ

ಕಾಳಿ ಸಂಗಮದವರೇ, ನಿಮ್ಮ ಕೊನೆಯ ವಾಕ್ಯಕ್ಕೆ ಮಾತ್ರ ನನ್ನ ತಕರಾರಿದೆ. ಮುಖದ ಮೇಲೆ ಏನನ್ನು ಬೇಕಾದರೂ ಬರೆಯಬಹುದೆಂದು ನಾನು ಚಿಕ್ಕಂದಿನಿಂದ ಕಣ್ಣಾರೆ ಕಂಡಿದ್ದೇನೆ. ಗುಣವಂತೆಯ ಕೆರೆಮನೆ ಯಕ್ಷಗಾನ ಮೇಳ 1934ರಲ್ಲಿ ಹುಟ್ಟಿದ ಸೀಮೆಯವನು ನಾನು. ವೇಷ ಕಟ್ಟಿದ್ದು ಕಡಿಮೆ, ವೇಷ ಕಟ್ಟುವ ಚೌಕಿಯಲ್ಲಿ ಗೆಜ್ಜೆ, ಕಿರೀಟ ಎತ್ತಿ ಕೊಡುತ್ತಾ ಬೆಳೆದದ್ದು ಹೆಚ್ಚು. ಯಕ್ಷಗಾನದಲ್ಲಿ ಶೂರ್ಪನಖಿಗೆ ಎರಡು ವೇಷ. ರಾಮನ ಮುಂದೆ ಮೋಹಿಸಲು ಬರುವ ಮಾಯಾ ಶೂರ್ಪನಖಿ ಸ್ತ್ರೀವೇಷ, ಅನಂತರದ ಘೋರ ಶೂರ್ಪನಖಿ ಬಣ್ಣದ ವೇಷ, ಅಂದರೆ ರಾಕ್ಷಸ ವೇಷ. ಇಬ್ಬರು ಬೇರೆ ಕಲಾವಿದರು ಒಂದೇ ಚೌಕಿಯಲ್ಲಿ ಪಕ್ಕಪಕ್ಕ ಕುಳಿತು ಒಂದೇ ಪಾತ್ರಕ್ಕೆ ಬಣ್ಣ ಬರೆದುಕೊಳ್ಳುವುದನ್ನು ನೋಡಿದವನಿಗೆ, ಚಂದದ ಮುಖ ಎಂದರೆ ಒಳ್ಳೆಯ ಮನಸ್ಸು ಎಂಬ ನಂಬಿಕೆ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ. ಸ್ತ್ರೀವೇಷದವನು ಗಂಡಸು, ಮೀಸೆ ಬೋಳಿಸಿದ ಜಾಗ ಹತ್ತಿರದಿಂದ ಹಸಿರಾಗಿ ಕಾಣುತ್ತದೆ; ಆದರೆ ರಂಗಸ್ಥಳದಲ್ಲಿ ಅವನು ಸೆರಗು ಹಿಡಿಯುವ ಬಗೆಯಲ್ಲಿ, ಹೆಜ್ಜೆ ಇಡುವ ಬಗೆಯಲ್ಲಿ ಚೆಲುವು ಹುಟ್ಟುತ್ತದೆ. ಚೆಲುವು ಎಂದರೆ ನಡೆಯುವ ಕ್ರಿಯೆ ಎಂಬಷ್ಟನ್ನು ನಾನು ಒಪ್ಪುತ್ತೇನೆ. ಅದನ್ನು ಕಳ್ಳನೂ ಕಲಿಯಬಹುದಲ್ಲವೇ?

ಆದರೂ ಒಬ್ಬರ ವಿಷಯ ಹೇಳಬೇಕು. ಬಣ್ಣದ ವೇಷದ ಹಿರಿಯರು, ಈಗ ಇಲ್ಲ. ಅವರು ಮುಖಕ್ಕೆ ಅರದಾಳ, ಇಂಗಳೀಕ, ಕಾಡಿಗೆ ಬಳಿದು, ಮೂಗಿನ ತುದಿಗೆ ಹತ್ತಿಯ ಉಂಡೆ ಅಂಟಿಸಿಕೊಂಡರೆ ಜೊತೆಯವರಿಗೂ ಹತ್ತಿರ ಹೋಗಲು ಅಳುಕು. ಬಣ್ಣದ ವೇಷ ಜನರ ನಡುವಿನಿಂದ ಪಂಜು ಹಿಡಿದು, ರಾಳದ ಪುಡಿ ಎರಚಿ ಬೆಂಕಿಯ ಉಂಡೆ ಏಳಿಸುತ್ತಾ ಬರುವುದು ರೂಢಿ. ಅಷ್ಟು ಹೊತ್ತಿಗೆ ನಡುರಾತ್ರಿ ಕಳೆದು, ಮುಂದಿನ ಸಾಲಿನ ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿರುತ್ತಾರೆ. ಇವರು ಪ್ರತಿ ಆಟದಲ್ಲೂ ಹೊರಡುವ ಮೊದಲು ಪಂಜು ಹಿಡಿಯುವ ನಮ್ಮನ್ನು ಕರೆದು, ಕೋರೆಹಲ್ಲಿನ ನಡುವಿನಿಂದಲೇ ಪಿಸುಮಾತಿನಲ್ಲಿ, "ಎಡಬದಿಗೆ ಮಕ್ಕಳು ಮಲಗಿದ್ದೊ, ಆ ಬದಿಗೆ ಕಿಡಿ ಬೀಳೂಲಾಗ" ಎನ್ನುತ್ತಿದ್ದರು. ಆಮೇಲೆ ಹೊರಟು ಅಬ್ಬರಿಸಿದರೆ ಊರೇ ಎದ್ದು ಕೂರುತ್ತಿತ್ತು. ಆ ಮಾತು ಕೇಳಿದ ಮೇಲೆ ನನಗೆ ಆ ರಾಕ್ಷಸ ಮುಖದಷ್ಟು ಚಂದದ್ದು ಇನ್ನೊಂದು ಕಾಣಲಿಲ್ಲ. ಅಂದರೆ ಬದಲಾದದ್ದು ಅವರ ಮುಖವಲ್ಲ, ನನ್ನ ಕಣ್ಣು.

ಅಕ್ಕೋರು, ಕುಮಟಾ

ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಎಂದು ಹಿಂದೆಮುಂದೆ ನೋಡಿ ಈಗ ಬರೆಯುತ್ತಿದ್ದೇನೆ. ಕಣ್ಣಲ್ಲಿ ನಗುವವರು ಒಳ್ಳೆಯವರು, ಒಳ್ಳೆಯತನ ಮುಖದ ಮೇಲೆ ಬರೆದಿರುತ್ತದೆ ಎಂಬ ಮಾತು ನನಗೆ ಚುಚ್ಚಿತು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡ ತುಟಿಯ ಸಂದಿಯಿಂದ ತಾನಾಗಿ ಹರಿದು ಸೀರೆಯ ಮೇಲೆ ಬಿತ್ತು. ಕನ್ನಡಿ ನೋಡಿದರೆ ಮುಖದ ಎಡ ಅರ್ಧ ಜೋತು ಬಿದ್ದಿದೆ, ಕಣ್ಣು ಮುಚ್ಚುತ್ತಿಲ್ಲ. ಲಕ್ವ ಹೊಡೆಯಿತೆಂದು ಮನೆಯವರು ಹೌಹಾರಿದರು. ವೈದ್ಯರು ಪರೀಕ್ಷಿಸಿ, ಇದು ಮೆದುಳಿನ ಲಕ್ವವಲ್ಲ, ಮುಖದ ಸ್ನಾಯುಗಳನ್ನೆಲ್ಲ ಆಡಿಸುವ ಏಳನೆಯ ಕಪಾಲ ನರ ಊದಿಕೊಂಡು ಕೆಲಸ ನಿಲ್ಲಿಸಿದೆ, ಬೆಲ್ಸ್ ಪಾಲ್ಸಿ ಎನ್ನುತ್ತಾರೆ ಎಂದರು. ಮೊದಲ ಮೂರು ದಿನದೊಳಗೆ ಸ್ಟಿರಾಯ್ಡ್ ಮಾತ್ರೆ ಶುರುಮಾಡಿದರೆ ಗುಣವಾಗುವ ಸಂಭವ ಹೆಚ್ಚಂತೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ನನಗೆ ಐದು ತಿಂಗಳು ಹಿಡಿಯಿತು, ಪೂರ್ತಿ ಸರಿಯಾಗಲೂ ಇಲ್ಲ. ರಾತ್ರಿ ಮಲಗುವಾಗ ಕಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ಮುಚ್ಚಿ ಪಟ್ಟಿ ಅಂಟಿಸಬೇಕಿತ್ತು, ಗಂಜಿ ಕುಡಿದರೆ ಒಂದು ಬದಿಯಿಂದ ಸೋರುತ್ತಿತ್ತು.

ಕಾಳಿ ಸಂಗಮದ ಸರ್, ನೀವು ಹೇಳಿದ ಕೆನ್ನೆಯ ಸ್ನಾಯು, ಕಣ್ಣಿನ ಸುತ್ತಲ ಸ್ನಾಯು ಎರಡಕ್ಕೂ ಅದೊಂದೇ ನರ. ಆ ಐದು ತಿಂಗಳು ನನ್ನ ಮನಸ್ಸು ಎಷ್ಟು ಅರಳಿದರೂ ನನ್ನ ಎಡಗಣ್ಣು ನಗಲಿಲ್ಲ. ಬಸ್ಸಿನಲ್ಲಿ ಎದುರು ಕುಳಿತವರು ದೃಷ್ಟಿ ತಪ್ಪಿಸಿದರು. ಒಂದು ಮದುವೆ ಮನೆಯಲ್ಲಿ, ಹಿರಿಯರೊಬ್ಬರು ನನಗೆ ಕೇಳುವಂತೆಯೇ, ಮುಖ ಗಂಟಿಕ್ಕಿಕೊಂಡು ಬರುವುದಾದರೆ ಬರುವುದೇ ಬೇಡವಿತ್ತು ಎಂದರು. ನನ್ನ ಗುಣ ಎಲ್ಲಿ ಹೋಗಿತ್ತು? ಒಳಗೇ ಇತ್ತು. ಹೊರಗೆ ಬರುವ ದಾರಿ ಮುಚ್ಚಿತ್ತು, ಅಷ್ಟೇ.

ಶಾಲೆಯಲ್ಲಿ ಆದದ್ದನ್ನೂ ಹೇಳುತ್ತೇನೆ. ಮೊದಲ ದಿನ ಒಂದನೆಯ ತರಗತಿಯ ಹುಡುಗಿ, "ಅಕ್ಕೋರೆ, ಸಿಟ್ಟು ಬಂದದ್ಯಾ?" ಎಂದು ಕೇಳಿದಳು. ಇಲ್ಲ, ಮುಖಕ್ಕೆ ಹುಷಾರಿಲ್ಲ ಎಂದೆ. ಹತ್ತು ಹನ್ನೆರಡು ದಿನ ಕಳೆಯುವುದರೊಳಗೆ ಒಂದು ಸಂಗತಿ ಗಮನಕ್ಕೆ ಬಂತು: ಪಾಟಿ, ಪಟ್ಟಿ ತೋರಿಸಲು ಬರುವ ಮಕ್ಕಳೆಲ್ಲ ನನ್ನ ಬಲಬದಿಯಲ್ಲೇ ಸಾಲು ನಿಲ್ಲುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ನನ್ನ ನಗು ಇದ್ದದ್ದು ಆ ಬದಿಯಲ್ಲಿ, ಅದನ್ನು ಅವರು ಹುಡುಕಿಕೊಂಡಿದ್ದರು. ಎಡಬದಿಯನ್ನು ಹೆದರಿ ಬಿಟ್ಟರೋ ಬಲಬದಿಯನ್ನು ಆರಿಸಿಕೊಂಡರೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಕಾಳಿ ಸಂಗಮ, ಕಾರವಾರ

ಅಕ್ಕೋರೆ, ಕ್ಷಮಿಸಿ. ನಾನು ತರಗತಿಯಲ್ಲಿ ಮೂವತ್ತು ವರ್ಷ ಅದೇ ವಾಕ್ಯವನ್ನು ಹೇಳಿದ್ದೇನೆ, ಎದುರು ಬೆಂಚಿನಲ್ಲಿ ನಿಮ್ಮಂಥವರು ಒಬ್ಬರಾದರೂ ಕುಳಿತಿದ್ದಿರಬಹುದು ಎಂದು ಎಂದೂ ಹೊಳೆದಿರಲಿಲ್ಲ. ದುಶೆನ್ನನ ಮಾತಿಗೂ ತಿದ್ದುಪಡಿ ಬಂದಿದೆ ಎಂಬುದನ್ನು ಸೇರಿಸಬೇಕು. ಅಭ್ಯಾಸ ಮಾಡಿದರೆ ಕಣ್ಣಿನ ನಗುವನ್ನೂ ಬೇಕೆಂದಾಗ ತಂದುಕೊಳ್ಳುವವರು ಇದ್ದಾರೆ ಎಂದು ಅನಂತರದ ಅಧ್ಯಯನಗಳು ತೋರಿಸಿವೆ, ಚೌಕಿಮನೆಯವರು ಹೇಳಿದ್ದು ಅದನ್ನೇ. ಹಾಗಾಗಿ ಮುಖ ಓದಿ ಮನಸ್ಸು ಹೇಳುವ ಕೆಲಸವನ್ನು ನಾನು ಇಲ್ಲಿಗೆ ಬಿಟ್ಟೆ. 2004ರ ಅಧ್ಯಯನವನ್ನು ಮಾತ್ರ ಬಿಡುವುದಿಲ್ಲ, ಏಕೆಂದರೆ ಅದು ಮುಖದ ಬಗ್ಗೆ ಅಲ್ಲ, ನೋಡುವವರ ಬಗ್ಗೆ.

ಬಂದರು ಗಾಳಿ, ಕಾರವಾರ

ಎಲ್ಲರೂ ಒಳ್ಳೆಯವರ ಬಗ್ಗೆಯೇ ಬರೆಯುತ್ತಿದ್ದೀರಿ. ನಮ್ಮ ಓಣಿಯಲ್ಲಿ ಚೀಟಿ ನಡೆಸುತ್ತಿದ್ದವನೊಬ್ಬನ ಮುಖದಷ್ಟು ಪ್ರಸನ್ನ ಮುಖವನ್ನು ನಾನು ಕಂಡಿಲ್ಲ. ಮನೆಗೆ ಬಂದರೆ ಮೊದಲು ಅಜ್ಜಿಯ ಮಂಡಿನೋವು ವಿಚಾರಿಸಿ, ಆಮೇಲೆ ಕಂತು ಕೇಳುತ್ತಿದ್ದ. ಹದಿನಾಲ್ಕು ತಿಂಗಳ ದುಡ್ಡು ಹೋಯಿತು. ವಿಚಿತ್ರವೆಂದರೆ ಈಗ ಅವನ ಹಳೆಯ ಫೋಟೋ ನೋಡಿದರೆ ನಮ್ಮ ಅಜ್ಜಿಗೆ ಅವನ ಕಣ್ಣು ಸಣ್ಣ, ಮೂಗು ಸೊಟ್ಟ. ಫೋಟೋ ಅದೇ ಸ್ವಾಮಿ, ನಾವೇ ಜಾತ್ರೆಯಲ್ಲಿ ತೆಗೆಸಿದ್ದು!

ಗಂಗಾವಳಿ ದಂಡೆ, ಅಂಕೋಲಾ

ಬಂದರು ಗಾಳಿಯವರ ಅಜ್ಜಿಯೇ ಈ ಚರ್ಚೆಯಲ್ಲಿ ಎಲ್ಲರಿಗಿಂತ ಖಚಿತವಾಗಿ ಮಾತಾಡಿದ್ದಾರೆ. ಆದರೆ ನನಗೆ ಬೇರೆಯದೇ ಒಂದು ಕಿರಿಕಿರಿ ಇದೆ.

ನಮ್ಮ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡ ಫೋಟೋವನ್ನು ನೀವೆಲ್ಲ ನೋಡಿದ್ದೀರಿ. ಬರಿಗಾಲು, ಹಾಲಕ್ಕಿ ಸಮುದಾಯದ ಹೆಂಗಸರ ಕಟ್ಟಿನ ಸೀರೆ, ಕೊರಳ ತುಂಬ ಮಣಿಸರ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿಯುತ್ತಾ, ಯಾವ ಮರದ ಬೀಜ ಯಾವಾಗ ಆರಿಸಬೇಕು, ಯಾವುದು ತಾಯಿಮರ ಎಂಬುದನ್ನು ಶಾಲೆಯ ಮೆಟ್ಟಿಲು ಹತ್ತದೆಯೇ ಅರಿತವರು; 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಫೋಟೋ ಬಂದ ದಿನ ಎಲ್ಲರ ಮೊಬೈಲಿನಲ್ಲೂ, ಎಂಥ ಚೆಲುವು, ಎಂಥ ಕಳೆ ಎಂಬ ಮಾತು. ನಾನೂ ಬರೆದೆ, ಸುಳ್ಳು ಹೇಳುವುದಿಲ್ಲ. ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗಲೂ ಹೀಗೆಯೇ ಆಗಿತ್ತು. ಸಾರಾಯಿಯ ವಿರುದ್ಧ ಊರೂರು ತಿರುಗಿದ, ನೂರಾರು ಹಾಡು ಬಾಯಲ್ಲಿಟ್ಟುಕೊಂಡಿದ್ದ ಆ ಅಜ್ಜಿಯ ಮುಖದ ಸುಕ್ಕನ್ನು ಹೊಗಳದವರಿರಲಿಲ್ಲ.

ಆದರೆ ಅದೇ ಉಡುಗೆ, ಅದೇ ಬಣ್ಣ, ಅದೇ ಮಣಿಸರದ ಹೆಂಗಸರು ವಾರದ ಸಂತೆಗೆ ಸೊಪ್ಪು ತರಕಾರಿ ತರುತ್ತಾರೆ. ಬಸ್ಸು ಹತ್ತುವಾಗ ಅವರ ಬುಟ್ಟಿ ತಾಗಿದರೆ ಸೀರೆ ಒದರಿಕೊಳ್ಳುವವರನ್ನು ನಾನು ನೋಡಿದ್ದೇನೆ, ಪಕ್ಕದ ಸೀಟು ಖಾಲಿಯಿದ್ದರೂ ಚೀಲ ಇಟ್ಟುಕೊಂಡವರನ್ನು ನೋಡಿದ್ದೇನೆ. ಅವರಲ್ಲಿ ಒಬ್ಬರಿಗೂ ಗುಣವಿಲ್ಲವೇ? ಬಿರುದು ಬಂದು, ಪತ್ರಿಕೆಯಲ್ಲಿ ಕತೆ ಓದಿದ ಮೇಲೆ ಮಾತ್ರ ನಮಗೆ ಚೆಲುವು ಕಾಣುವುದಾದರೆ, ನಾವು ನೋಡುತ್ತಿರುವುದು ಗುಣವನ್ನೋ ಬಿರುದನ್ನೋ? ಗೊತ್ತಾದ ಮೇಲೆ ಕಾಣುತ್ತದೆ ಎನ್ನುತ್ತೀರಿ, ಸರಿ. ಯಾರನ್ನು ಗೊತ್ತುಮಾಡಿಕೊಳ್ಳುತ್ತೇವೆ ಎಂಬುದನ್ನು ಮೊದಲೇ ಮೈಬಣ್ಣ ನೋಡಿ ತೀರ್ಮಾನಿಸಿರುತ್ತೇವಲ್ಲ! ಬೆಳ್ಳಗಾಗುವ ಕ್ರೀಮಿನ ಕಂಪನಿ 2020ರಲ್ಲಿ ಫೇರ್ ಅಂಡ್ ಲವ್ಲಿ ಎಂಬ ಹೆಸರು ಬಿಟ್ಟು ಗ್ಲೋ ಅಂಡ್ ಲವ್ಲಿ ಎಂದು ಮಾಡಿಕೊಂಡಿತು. ಹೆಸರು ಬದಲಾದರೂ ನಮ್ಮಲ್ಲಿ ವರ ಹುಡುಕುವವರ ಬಾಯಿಂದ ಮೊದಲು ಬರುವ ಮಾತು "ಹುಡುಗ ಕಪ್ಪು" ಎಂಬುದೇ.

ಅಡಿಕೆ ಅಂಗಳದ ಅಕ್ಕಾ, ನಿಮಗೊಂದು ನೇರ ಪ್ರಶ್ನೆ, ಬೇಸರಿಸಬೇಡಿ. ಆ ಫೋಟೋವನ್ನು ಬೆಳ್ಳಗೆ ಮಾಡಿಸಿದವರು ಯಾರು?

ಉಳಿ ಸುತ್ತಿಗೆ, ಶಿರಸಿ

ನಮ್ಮದು ಗುಡಿಗಾರರ ಮನೆ, ಶ್ರೀಗಂಧದ ಕೆತ್ತನೆ ಕುಲದ ಕೆಲಸ; ಕೆಲಸದ ಒಂದು ಮಾತನ್ನಷ್ಟೇ ಹೇಳಿ ಸುಮ್ಮನಾಗುತ್ತೇನೆ. ಮೂರ್ತಿಗೆ ಕಣ್ಣನ್ನು ಕೊನೆಯಲ್ಲಿ ಬಿಡಿಸುತ್ತೇವೆ, ಅಲ್ಲಿಯ ತನಕ ಅದು ಮರ. ಅಪ್ಪ ಹೇಳುತ್ತಿದ್ದುದು, ರೆಪ್ಪೆಯ ಗೆರೆ ಕೂದಲೆಳೆಯಷ್ಟು ಮೇಲಾದರೆ ಸಿಟ್ಟು, ಕೆಳಗಾದರೆ ನಿದ್ದೆ ಎಂದು. ನಮ್ಮ ಶಿರಸಿಯ ಮಾರಿಕಾಂಬೆ ಸುಮಾರು ಏಳಡಿಯ ಮರದ ಮೂರ್ತಿ, ಕೆಂಪು ಮೈ, ಎಂಟು ಕೈ, ಬಿಟ್ಟ ಕಣ್ಣು. ಹೊರಗಿನಿಂದ ಬಂದ ಗಿರಾಕಿಯೊಬ್ಬರು ನೋಡಿ ಹೆದರಿಕೆಯಾಯಿತು ಎಂದರು. ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಗದ್ದುಗೆಯ ಮುಂದೆ ಸರತಿಯಲ್ಲಿ ನಿಲ್ಲುವ ನಮ್ಮವರು ಯಾರೂ ಅದನ್ನು ಉಗ್ರ ಮುಖ ಎಂದು ಹೇಳಿದ್ದನ್ನು ನಾನು ಕೇಳಿಲ್ಲ, ಅಮ್ಮ ಎನ್ನುತ್ತಾರೆ. ನಮ್ಮ ಉಳಿ ಆ ವ್ಯತ್ಯಾಸವನ್ನು ಕೆತ್ತಲಾರದು.

ಅಡಿಕೆ ಅಂಗಳ, ಶಿರಸಿ

ಗಂಗಾವಳಿ ದಂಡೆಯವರೇ, ಬೇಸರವಿಲ್ಲ. ಸ್ಟುಡಿಯೋಕ್ಕೆ ಕರೆದುಕೊಂಡು ಹೋದವಳು ನಾನೇ. "ಯಾರದೋ ಸಲಹೆಯಂತೆ" ಎಂದು ಮೊದಲು ಬರೆದೆನಲ್ಲ, ಆ ಯಾರೋ ಎಂಬುದು ನಾನು. ಹುಡುಗಿಯರ ಫೋಟೋಗೆ ಅಂಕ ಹಾಕುತ್ತಿದ್ದವರ ಗುಂಪಿನಲ್ಲೂ ನಾನಿದ್ದೆ. ನನ್ನ ಮೈದುನನಿಗೆಂದು ಬಂದ ಒಂದು ಸಂಬಂಧವನ್ನು, ಹುಡುಗಿಯ ಹಣೆ ಅಗಲವೆಂದು ಬೇಡವೆಂದವಳು ನಾನು. ಆಕೆ ಈಗ ಯಲ್ಲಾಪುರದ ಕಡೆ ಇದ್ದಾಳೆ. ಹಾಸಿಗೆ ಹಿಡಿದ ಅತ್ತೆಯನ್ನು ಆಕೆ ಆರು ವರ್ಷ ನೋಡಿಕೊಂಡ ರೀತಿಯನ್ನು ಕಂಡವರೆಲ್ಲ ಹೇಳುತ್ತಾರೆ. ಕಳೆದ ವರ್ಷ ಒಂದು ಉಪನಯನದಲ್ಲಿ ಎದುರಾದಾಗ ಆಕೆಯ ಹಣೆ ನನಗೆ ಅಗಲವಾಗಿ ಕಾಣಲೇ ಇಲ್ಲ.

ನಿಮ್ಮೆಲ್ಲರ ಬರಹವನ್ನೂ ನಿನ್ನೆ ರಾತ್ರಿ ಹುಡುಗನಿಗೆ ಓದಿ ಹೇಳಿದೆ. ಅಕ್ಕೋರ ಬಲಬದಿಯ ಸಾಲಿನ ವಿಷಯ ಬಂದಾಗ ಇನ್ನೊಮ್ಮೆ ಓದು ಎಂದ. ಆಮೇಲೆ ಮೊಬೈಲು ತೆಗೆದುಕೊಂಡು ಆ ಬೆಳ್ಳಗಿನ ಫೋಟೋವನ್ನು ಅಳಿಸಿದ. ಧಾರವಾಡದ ಕಡೆಯಿಂದ ಒಂದು ಮನೆಯವರು ಫೋಟೋ ಕೇಳಿದ್ದರು. ಅವರಿಗೆ ಸುಲಿತದ ದಿನ ಕೊನೆಗೌಡನ ಮಗಳು ಸುಮ್ಮನೆ ತೆಗೆದಿದ್ದ ಒಂದನ್ನು ಕಳಿಸಿದ್ದಾನೆ. ಅದರಲ್ಲಿ ಅವನ ಒಂದು ಕಣ್ಣು ಅರ್ಧ ಮುಚ್ಚಿದೆ, ಹಲ್ಲು ಪೂರ್ತಿ ಕಾಣುತ್ತದೆ, ಬೆರಳುಗಳು ಹಸಿ ಅಡಿಕೆಯ ಕರೆ ಹತ್ತಿ ಕಪ್ಪಗಿವೆ. ಜೊತೆಗೆ, ಬಂದರೆ ಸುಲಿತ ಮುಗಿಯುವುದರೊಳಗೆ ಬನ್ನಿ, ಎರಡು ದಿನ ಉಳಿಯುವ ಹಾಗೆ ಬನ್ನಿ ಎಂದೂ ಬರೆದಿದ್ದಾನಂತೆ. ಇವತ್ತು ಸಂಜೆಯವರೆಗೆ ಉತ್ತರ ಬಂದಿಲ್ಲ.